ಮಣ್ಣಿನ ಲೆಕ್ಕ ಬರೆದ ಲೀಬಿಗ್

1815ರ ಏಪ್ರಿಲ್‌ನಲ್ಲಿ ಇಂಡೊನೇಷ್ಯಾದ ಸುಂಬಾವಾ ದ್ವೀಪದಲ್ಲಿ ತಂಬೋರಾ ಜ್ವಾಲಾಮುಖಿ ಸಿಡಿಯಿತು. ಅದು ಆಗಸಕ್ಕೆ ಚಿಮ್ಮಿದ ಬೂದಿ ಮತ್ತು ಗಂಧಕದ ಕಣಗಳು ಸೂರ್ಯನ ಬಿಸಿಲನ್ನು ಮರೆಮಾಡಿದವು. ಮರುವರ್ಷ, ಅಂದರೆ 1816ರಲ್ಲಿ, ಯೂರೋಪಿಗೆ ಬೇಸಿಗೆಯೇ ಬರಲಿಲ್ಲ. ಎಡೆಬಿಡದ ಮಳೆಗೆ ಪೈರು ಹೊಲದಲ್ಲಿಯೇ ಕೊಳೆಯಿತು. ಧಾನ್ಯದ ಬೆಲೆ ಬಡವರ ಕೈಗೆ ಎಟುಕದಂತಾಯಿತು. ಜರ್ಮನ್ ಭಾಷೆಯ ಸಂಸ್ಥಾನಗಳಲ್ಲಿ ಹಸಿವು ತಾಂಡವವಾಡಿತು. ಅಸಂಖ್ಯ ಕುಟುಂಬಗಳು ಊರು ತೊರೆದು ವಲಸೆ ಹೋದವು. ಹೆಸ್ಸೆ ಸಂಸ್ಥಾನದ ರಾಜಧಾನಿ ಡಾರ್ಮ್‌ಸ್ಟಾಟ್‌ನಲ್ಲಿ, ಬಣ್ಣ ಮತ್ತು ವಾರ್ನಿಷ್ ಮಾರುತ್ತಿದ್ದ ಅಂಗಡಿಕಾರನೊಬ್ಬನ ಮಗ ಆಗ 13 ವರ್ಷದವನಾಗಿದ್ದ. ಮುಂದೆ ಈ ಹುಡುಗನೇ ಬೆಳೆ ಏಕೆ ಬೆಳೆಯುತ್ತದೆ, ಏಕೆ ಸೊರಗುತ್ತದೆ ಎಂಬ ಪ್ರಶ್ನೆಯನ್ನು ರಸಾಯನಶಾಸ್ತ್ರದ ಮೇಜಿನ ಮೇಲೆ ತಂದಿರಿಸಿದ. ಆತನ ಹೆಸರು ಯುಸ್ಟುಸ್ ಫಾನ್ ಲೀಬಿಗ್.

ನಮ್ಮ ಶಾಲಾ ಪಠ್ಯಗಳಲ್ಲಿ ಲೀಬಿಗ್‌ನ ಹೆಸರು ಪ್ರಯೋಗಶಾಲೆಯ ಒಂದು ಗಾಜಿನ ಉಪಕರಣದೊಡನೆ ಬಂದು ಹೋಗುತ್ತದೆ. ಆದರೆ ಇಂದು ರೈತ ಗೊಬ್ಬರದ ಅಂಗಡಿಯ ಮುಂದೆ ನಿಂತು ಯಾವ ಚೀಲ ಕೊಳ್ಳಲಿ ಎಂದು ಯೋಚಿಸುವಾಗ, ಸರ್ಕಾರ ಯಾವ ಗೊಬ್ಬರಕ್ಕೆ ಎಷ್ಟು ಸಬ್ಸಿಡಿ ನೀಡಬೇಕೆಂದು ಲೆಕ್ಕ ಹಾಕುವಾಗ, ಆತ ಎತ್ತಿದ ಪ್ರಶ್ನೆಗಳೇ ಬೇರೆ ವೇಷದಲ್ಲಿ ಎದುರಾಗುತ್ತವೆ. ಆತನ ಯಶಸ್ಸಿನಿಂದ ಕಲಿಯುವಷ್ಟೇ ಆತನ ಸೋಲಿನಿಂದಲೂ ಕಲಿಯುವುದಿದೆ. ಈ ಕಾರಣದಿಂದ ಆ ಜೀವನವನ್ನು ಮತ್ತೊಮ್ಮೆ ಅವಲೋಕಿಸುವುದು ಸೂಕ್ತ.

ಲೀಬಿಗ್ ಜನಿಸಿದ್ದು 1803ರ ಮೇ 12ರಂದು. ಬಣ್ಣ ಅರೆಯುವ, ವಾರ್ನಿಷ್ ಕಾಯಿಸುವ ತಂದೆಯ ಕೋಣೆಯೇ ಆತನ ಮೊದಲ ಪ್ರಯೋಗಶಾಲೆಯಾಯಿತು. ಶಾಲೆಯ ಪಾಠ ಆತನಿಗೆ ರುಚಿಸಲಿಲ್ಲ. ಹೆಪೆನ್‌ಹೈಮ್ ಎಂಬ ಊರಿನ ಔಷಧ ವ್ಯಾಪಾರಿಯೊಬ್ಬನ ಬಳಿ ಕೆಲಸ ಕಲಿಯಲು ಸೇರಿಸಿದರೂ ಅಲ್ಲಿ ಹೆಚ್ಚು ಕಾಲ ನಿಲ್ಲಲಿಲ್ಲ. ಸಿಡಿಮದ್ದಿನ ಪ್ರಯೋಗ ಮಾಡಿ ಮಾಳಿಗೆಯನ್ನು ಹಾಳುಗೆಡವಿದ್ದೇ ಇದಕ್ಕೆ ಕಾರಣ ಎಂಬ ಕಥೆ ಪ್ರಚಾರದಲ್ಲಿದೆ. ತಂದೆಗೆ ಶುಲ್ಕ ಕಟ್ಟಲು ಸಾಧ್ಯವಾಗದೇ ಹೋದದ್ದು ನಿಜವಾದ ಕಾರಣವಿರಬಹುದೆಂದು ಚರಿತ್ರಕಾರರು ಹೇಳುತ್ತಾರೆ. ಮುಂದೆ ಬಾನ್ ಮತ್ತು ಎರ್ಲಾಂಗೆನ್ ವಿಶ್ವವಿದ್ಯಾಲಯಗಳಲ್ಲಿ ಓದು ಸಾಗಿತು. ಹೆಸ್ಸೆಯ ದೊರೆ ನೀಡಿದ ವಿದ್ಯಾರ್ಥಿವೇತನದ ಬಲದಿಂದ 1822ರಲ್ಲಿ ಪ್ಯಾರಿಸ್ ಸೇರಿದ ಲೀಬಿಗ್, ಅಲ್ಲಿ ಗೇ-ಲುಸಾಕ್‌ನಂತಹ ಶ್ರೇಷ್ಠ ವಿಜ್ಞಾನಿಯ ಪ್ರಯೋಗಶಾಲೆಯಲ್ಲಿ ದುಡಿದ. ಆಗ ಪ್ಯಾರಿಸ್‌ನಲ್ಲಿದ್ದ ಅಲೆಕ್ಸಾಂಡರ್ ಫಾನ್ ಹುಂಬೋಲ್ಟ್ ಈ ತರುಣನ ಪ್ರತಿಭೆಯನ್ನು ಗುರುತಿಸಿ ಶಿಫಾರಸು ಮಾಡಿದ. 1824ರಲ್ಲಿ, ಕೇವಲ 21ನೇ ವಯಸ್ಸಿನಲ್ಲಿ, ಲೀಬಿಗ್ ಗೀಸೆನ್ ಎಂಬ ಸಣ್ಣ ಪಟ್ಟಣದ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾದ.

ಗೀಸೆನ್‌ನಲ್ಲಿ ಕಳೆದ 28 ವರ್ಷಗಳು ರಸಾಯನಶಾಸ್ತ್ರದ ಬೋಧನೆಯ ಸ್ವರೂಪವನ್ನೇ ಬದಲಿಸಿದವು. ಅದುವರೆಗೆ ವಿದ್ಯಾರ್ಥಿಗಳು ಗುರುವಿನ ಉಪನ್ಯಾಸವನ್ನು ಕೇಳಿ, ಆತ ಮಾಡಿ ತೋರಿಸಿದ್ದನ್ನು ನೋಡಿ ಮನೆಗೆ ಹೋಗುವುದು ವಾಡಿಕೆಯಾಗಿತ್ತು. ಲೀಬಿಗ್ ಸೈನಿಕರ ಹಳೆಯ ಕಾವಲುಮನೆಯೊಂದನ್ನು ಪ್ರಯೋಗಶಾಲೆಯಾಗಿ ಪರಿವರ್ತಿಸಿ, ವಿದ್ಯಾರ್ಥಿಗಳ ಕೈಗೇ ಉಪಕರಣಗಳನ್ನು ಕೊಟ್ಟ. 1831ರಲ್ಲಿ ಐದು ಗಾಜಿನ ಗುಂಡುಗಳುಳ್ಳ ಒಂದು ಸರಳ ಸಾಧನವನ್ನು ರೂಪಿಸಿದ. ಸಸ್ಯ ಅಥವಾ ಪ್ರಾಣಿಜನ್ಯ ವಸ್ತುವೊಂದರಲ್ಲಿ ಇಂಗಾಲ ಎಷ್ಟಿದೆ ಎಂಬುದನ್ನು ಸಾಮಾನ್ಯ ವಿದ್ಯಾರ್ಥಿಯೂ ನಿಖರವಾಗಿ ಅಳೆಯಲು ಅದರಿಂದ ಸಾಧ್ಯವಾಯಿತು. ಹಾಫ್‌ಮನ್, ಕೆಕುಲೆ, ಫ್ರೆಸೆನಿಯಸ್ ಮೊದಲಾದ ಹೆಸರಾಂತರು ಆ ಪ್ರಯೋಗಶಾಲೆಯಿಂದ ಹೊರಬಂದವರು. ಅಳೆಯದೆ ಮಾತನಾಡಬಾರದು ಎಂಬುದು ಅಲ್ಲಿನ ಶಿಸ್ತಾಗಿತ್ತು.

ಈ ಅಳತೆಯ ಶಿಸ್ತನ್ನು ಲೀಬಿಗ್ ಕೃಷಿಗೆ ಅನ್ವಯಿಸಿದ್ದು 1840ರಲ್ಲಿ. ಇಂಗ್ಲೆಂಡಿನ ವಿಜ್ಞಾನ ಸಂಘವೊಂದು ಕೋರಿದ್ದ ವರದಿಯ ಹಿನ್ನೆಲೆಯಲ್ಲಿ, ಕೃಷಿ ಮತ್ತು ಶರೀರಶಾಸ್ತ್ರಗಳಿಗೆ ಸಾವಯವ ರಸಾಯನಶಾಸ್ತ್ರದ ಅನ್ವಯ ಕುರಿತ ಗ್ರಂಥವನ್ನು ಆತ ಪ್ರಕಟಿಸಿದ. ಗಿಡ ತನ್ನ ಆಹಾರವನ್ನು ಕೊಳೆತ ಸಸ್ಯಾವಶೇಷವಾದ ಹ್ಯೂಮಸ್‌ನಿಂದಲೇ ನೇರವಾಗಿ ಹೀರುತ್ತದೆ ಎಂಬ ನಂಬಿಕೆ ಆಗ ಪ್ರಬಲವಾಗಿತ್ತು. ಲೀಬಿಗ್ ಇದನ್ನು ಅಲ್ಲಗಳೆದ. ಗಿಡಕ್ಕೆ ಬೇಕಾದ ಇಂಗಾಲ ಗಾಳಿಯಿಂದ ದೊರೆಯುತ್ತದೆ. ಮಣ್ಣಿನಿಂದ ಅದು ಪಡೆಯುವುದು ಪೊಟ್ಯಾಷ್, ರಂಜಕ, ಸುಣ್ಣ, ಮೆಗ್ನೀಷಿಯಂ ಮುಂತಾದ ಖನಿಜಗಳನ್ನು ಎಂದು ವಾದಿಸಿದ. ಗಿಡವನ್ನು ಸುಟ್ಟಾಗ ಉಳಿಯುವ ಬೂದಿಯೇ ಈ ಖನಿಜಗಳ ಪಟ್ಟಿ. ಪ್ರತಿ ಸುಗ್ಗಿಯಲ್ಲಿಯೂ ಆ ಬೂದಿಯ ಅಂಶ ಹೊಲವನ್ನು ಬಿಟ್ಟು ಹೋಗುತ್ತದೆ. ಹೋದದ್ದನ್ನು ಹಿಂದಿರುಗಿಸದ ಹೊಲ ಒಂದಲ್ಲ ಒಂದು ದಿನ ಬರಡಾಗುತ್ತದೆ. ಇದೇ ಆತನ ವಾದದ ಸಾರ.

ಇದರ ಜೊತೆಗೆ ಇನ್ನೊಂದು ನಿಯಮವೂ ಆತನ ಹೆಸರಿನಲ್ಲಿ ಪ್ರಸಿದ್ಧವಾಯಿತು. ಬೆಳೆಯ ಪ್ರಮಾಣವನ್ನು ನಿರ್ಧರಿಸುವುದು ಮಣ್ಣಿನಲ್ಲಿ ಹೇರಳವಾಗಿರುವ ಪೋಷಕಾಂಶವಲ್ಲ, ಅಗತ್ಯಕ್ಕೆ ಹೋಲಿಸಿದರೆ ಅತ್ಯಂತ ಕಡಿಮೆ ಇರುವ ಪೋಷಕಾಂಶ ಎಂಬುದೇ ಆ ನಿಯಮ. ಮರದ ಹಲಗೆಗಳಿಂದ ಮಾಡಿದ ಪೀಪಾಯಿಯಲ್ಲಿ ಒಂದು ಹಲಗೆ ಗಿಡ್ಡವಾಗಿದ್ದರೆ, ಉಳಿದವು ಎಷ್ಟೇ ಎತ್ತರವಿದ್ದರೂ ನೀರು ಆ ಗಿಡ್ಡ ಹಲಗೆಯ ಮಟ್ಟದಲ್ಲಿಯೇ ಹೊರಚೆಲ್ಲುತ್ತದೆ. ಈ ಹೋಲಿಕೆ ಲೀಬಿಗ್‌ನ ನಂತರದವರು ಕೊಟ್ಟದ್ದು. ನಿಯಮವೂ ಪೂರ್ತಿಯಾಗಿ ಆತನದೇ ಅಲ್ಲ. ಕಾರ್ಲ್ ಸ್ಪ್ರೆಂಗೆಲ್ ಎಂಬ ಮತ್ತೊಬ್ಬ ಜರ್ಮನ್ ವಿಜ್ಞಾನಿ 1828ರ ಸುಮಾರಿನಲ್ಲಿಯೇ ಇದನ್ನು ಪ್ರತಿಪಾದಿಸಿದ್ದ. ಆದರೆ ಸ್ಪ್ರೆಂಗೆಲ್ ಬರೆದದ್ದನ್ನು ಓದಿದವರು ಕೆಲವರು. ಲೀಬಿಗ್‌ನ ಲೇಖನಿಗೆ ಜಗತ್ತೇ ಕಿವಿಗೊಟ್ಟಿತು.

ವಿಜ್ಞಾನಿ ವ್ಯಾಪಾರಕ್ಕೆ ಇಳಿದದ್ದು ಇದರ ನಂತರ. 1845ರಲ್ಲಿ ಲೀಬಿಗ್ ತನ್ನ ಸಿದ್ಧಾಂತಕ್ಕೆ ಅನುಗುಣವಾದ ಗೊಬ್ಬರವೊಂದಕ್ಕೆ ಪೇಟೆಂಟ್ ಪಡೆದ. ಇಂಗ್ಲೆಂಡಿನ ಲಿವರ್‌ಪೂಲ್‌ನ ಮಸ್‌ಪ್ರಾಟ್ ಕುಟುಂಬದ ಕಾರ್ಖಾನೆ ಅದನ್ನು ತಯಾರಿಸಿತು. ಹೊಲದಲ್ಲಿ ಅದು ವಿಫಲವಾಯಿತು. ಈ ವೈಫಲ್ಯಕ್ಕೆ ಎರಡು ಕಾರಣಗಳಿದ್ದವು. ಮೊದಲನೆಯದಾಗಿ, ಪೊಟ್ಯಾಷ್ ನೀರಿನಲ್ಲಿ ಸುಲಭವಾಗಿ ಕರಗುವುದರಿಂದ ಮಳೆಗೆ ಕೊಚ್ಚಿಹೋಗಬಹುದೆಂದು ಭಾವಿಸಿ, ಅದನ್ನು ಸುಣ್ಣದ ಅಂಶದೊಡನೆ ಕಾಯಿಸಿ ಕರಗದಂತೆ ಮಾಡಲಾಗಿತ್ತು. ಕರಗದ ಗೊಬ್ಬರ ಬೇರಿಗೆ ದಕ್ಕಲಿಲ್ಲ. ಎರಡನೆಯದಾಗಿ, ಗಿಡಕ್ಕೆ ಬೇಕಾದ ಸಾರಜನಕ ಗಾಳಿಯಲ್ಲಿರುವ ಅಮೋನಿಯಾದ ಮೂಲಕ ಮಳೆಯೊಂದಿಗೆ ಸಾಕಷ್ಟು ಬರುತ್ತದೆ ಎಂಬ ತೀರ್ಮಾನಕ್ಕೆ ಬಂದಿದ್ದ ಲೀಬಿಗ್, ಗೊಬ್ಬರದಲ್ಲಿ ಅದನ್ನು ಸೇರಿಸುವ ಅಗತ್ಯ ಕಂಡಿರಲಿಲ್ಲ. ಪೀಪಾಯಿಯ ಗಿಡ್ಡ ಹಲಗೆಯ ಬಗ್ಗೆ ಲೋಕಕ್ಕೆ ಹೇಳಿದವನ ಗೊಬ್ಬರದಲ್ಲಿಯೇ ಅತಿ ಗಿಡ್ಡವಾದ ಹಲಗೆ ಕಾಣೆಯಾಗಿತ್ತು.

ಇದನ್ನು ಎತ್ತಿ ತೋರಿಸಿದವರು ಲಂಡನ್ನಿನ ಉತ್ತರಕ್ಕಿರುವ ರಾಥಮ್‌ಸ್ಟೆಡ್‌ನ ಜಮೀನುದಾರ ಜಾನ್ ಲಾಸ್ ಮತ್ತು ಆತನ ಸಹವರ್ತಿ ಹೆನ್ರಿ ಗಿಲ್ಬರ್ಟ್. ಗಿಲ್ಬರ್ಟ್ ಗೀಸೆನ್‌ನಲ್ಲಿ ಲೀಬಿಗ್‌ನ ಬಳಿಯೇ ಡಾಕ್ಟರೇಟ್ ಪಡೆದವನು. ಎಲುಬನ್ನು ಗಂಧಕಾಮ್ಲದಲ್ಲಿ ಕರಗಿಸಿದರೆ ಅದರ ರಂಜಕ ಬೆಳೆಗೆ ಬೇಗ ದೊರೆಯುತ್ತದೆ ಎಂಬ ಸೂಚನೆ ಲೀಬಿಗ್‌ನ ಗ್ರಂಥದಲ್ಲಿ ಇತ್ತು. ಈ ದಿಕ್ಕಿನಲ್ಲಿ ಸ್ವತಂತ್ರವಾಗಿ ಪ್ರಯೋಗ ನಡೆಸಿದ್ದ ಲಾಸ್, 1842ರಲ್ಲಿ ಸೂಪರ್ ಫಾಸ್ಫೇಟ್ ತಯಾರಿಕೆಗೆ ಪೇಟೆಂಟ್ ಪಡೆದ. 1843ರಲ್ಲಿ ಇಬ್ಬರೂ ಕೂಡಿ ಬ್ರಾಡ್‌ಬಾಕ್ ಎಂಬ ಹೊಲವನ್ನು ಪಟ್ಟಿಗಳಾಗಿ ವಿಂಗಡಿಸಿ ಗೋಧಿ ಬಿತ್ತಿದರು. ಒಂದು ಪಟ್ಟಿಗೆ ಕೊಟ್ಟಿಗೆ ಗೊಬ್ಬರ, ಇನ್ನೊಂದಕ್ಕೆ ಏನೂ ಇಲ್ಲ, ಮತ್ತೆ ಕೆಲವಕ್ಕೆ ಬಗೆಬಗೆಯ ಲವಣಗಳು. ಬರೀ ಖನಿಜ ಕೊಟ್ಟ ಪಟ್ಟಿಯಲ್ಲಿ ಇಳುವರಿ ಹೆಚ್ಚು ಏರಲಿಲ್ಲ. ಅಮೋನಿಯಾ ಲವಣವನ್ನೂ ಸೇರಿಸಿದ ಕೂಡಲೇ ಏರಿತು. ಗುರು ಮತ್ತು ಶಿಷ್ಯರ ನಡುವಿನ ವಾಗ್ವಾದ ಹಲವು ವರ್ಷ ನಡೆಯಿತು. ಅದು ಸೌಜನ್ಯದ ಎಲ್ಲೆಯನ್ನೂ ಅನೇಕ ಬಾರಿ ದಾಟಿತು. ಬ್ರಾಡ್‌ಬಾಕ್‌ನ ಪ್ರಯೋಗ ಮಾತ್ರ ಇಂದಿಗೂ ಮುಂದುವರಿದಿದೆ.

1850ರಲ್ಲಿ ಇಂಗ್ಲೆಂಡಿನ ಥಾಮಸ್ ವೇ ಎಂಬ ರಸಾಯನಜ್ಞ, ಮಣ್ಣು ಅಮೋನಿಯಾ ಮತ್ತು ಪೊಟ್ಯಾಷ್‌ಗಳನ್ನು ತಾನೇ ಹಿಡಿದಿಟ್ಟುಕೊಳ್ಳಬಲ್ಲದು ಎಂಬುದನ್ನು ತೋರಿಸಿದ. ಅಂದ ಮೇಲೆ ಮಳೆಗೆ ಹೆದರಿ ಗೊಬ್ಬರವನ್ನು ಕರಗದಂತೆ ಮಾಡುವ ಅಗತ್ಯವೇ ಇರಲಿಲ್ಲ. ಲೀಬಿಗ್ ಹಠಮಾರಿ ಸ್ವಭಾವದವನು. ಆದರೂ 1862ರಲ್ಲಿ ತನ್ನ ಕೃಷಿ ಗ್ರಂಥದ ಏಳನೇ ಆವೃತ್ತಿಯನ್ನು ಪ್ರಕಟಿಸುವಾಗ ಈ ತಪ್ಪನ್ನು ಮುಚ್ಚಿಡದೆ ಒಪ್ಪಿಕೊಂಡ. ಸೃಷ್ಟಿಕರ್ತ ಮಣ್ಣಿಗೆ ಮೊದಲೇ ಕೊಟ್ಟಿದ್ದ ಗುಣವನ್ನು ಅರಿಯದೆ ತಾನು ಅದನ್ನು ತಿದ್ದಲು ಹೊರಟಿದ್ದೆ ಎಂಬ ಪಶ್ಚಾತ್ತಾಪದ ಧಾಟಿ ಅಲ್ಲಿ ಕಾಣುತ್ತದೆ. ಸಾರಜನಕದ ವಿಷಯದಲ್ಲಿ ಮಾತ್ರ ಆತ ಅಷ್ಟು ಸುಲಭವಾಗಿ ಸೋಲೊಪ್ಪಲಿಲ್ಲ.

ಅದೇ ಆವೃತ್ತಿಯಲ್ಲಿ ಲೀಬಿಗ್ ರಸಾಯನಶಾಸ್ತ್ರವನ್ನು ದಾಟಿ ಅರ್ಥಶಾಸ್ತ್ರದ ಅಂಗಳಕ್ಕೆ ಕಾಲಿಟ್ಟ. ಹಳ್ಳಿಯ ಧಾನ್ಯ ಮತ್ತು ಮಾಂಸ ನಗರಕ್ಕೆ ಹೋಗುತ್ತದೆ. ಅದರೊಡನೆ ಹೊಲದ ರಂಜಕ, ಪೊಟ್ಯಾಷ್, ಸಾರಜನಕಗಳೂ ಹೋಗುತ್ತವೆ. ನಗರ ಅವನ್ನು ಚರಂಡಿಯ ಮೂಲಕ ನದಿಗೆ, ನದಿ ಸಮುದ್ರಕ್ಕೆ ಒಯ್ಯುತ್ತದೆ. ಹೊಲಕ್ಕೆ ಏನೂ ಹಿಂದಿರುಗುವುದಿಲ್ಲ. ಲೀಬಿಗ್ ಇದನ್ನು ಲೂಟಿಯ ಬೇಸಾಯವೆಂದು ಕರೆದ. ತನ್ನ ಹೊಲಗಳಿಗಾಗಿ ಯೂರೋಪಿನ ಯುದ್ಧಭೂಮಿಗಳ ಎಲುಬನ್ನೂ ಬಿಡದೆ ಬಾಚಿಕೊಳ್ಳುತ್ತಿದೆ ಎಂದು ಇಂಗ್ಲೆಂಡಿನ ಮೇಲೆ ಕಟುವಾದ ಆರೋಪ ಹೊರಿಸಿದ. ಲಂಡನ್ ನಗರದ ಕೊಳಚೆಯನ್ನು ಸಮುದ್ರಕ್ಕೆ ಬಿಡದೆ ಹೊಲಗಳಿಗೆ ಹಿಂದಿರುಗಿಸಬೇಕೆಂದು 1860ರ ದಶಕದಲ್ಲಿ ಅಲ್ಲಿನ ಆಡಳಿತಗಾರರಿಗೆ ಪತ್ರ ಬರೆದ. ಜಪಾನಿನ ರೈತರು ಮನುಷ್ಯರ ಮಲವನ್ನು ಹೊಲಕ್ಕೆ ಕ್ರಮಬದ್ಧವಾಗಿ ಹಿಂದಿರುಗಿಸಿ ಫಲವತ್ತತೆ ಕಾಯ್ದುಕೊಂಡಿರುವ ಬಗೆಗಿನ ವರದಿಯೊಂದನ್ನು ತನ್ನ ಗ್ರಂಥದೊಡನೆ ಸೇರಿಸಿದ. ಕಾರ್ಲ್ ಮಾರ್ಕ್ಸ್ 1867ರಲ್ಲಿ ಪ್ರಕಟಿಸಿದ ಬಂಡವಾಳದ ಮೊದಲ ಸಂಪುಟದಲ್ಲಿ ಆಧುನಿಕ ಬೇಸಾಯದ ವಿನಾಶಕ ಮುಖವನ್ನು ವಿವರಿಸುವಾಗ ಲೀಬಿಗ್‌ನ ಹೆಸರನ್ನು ಗೌರವದಿಂದ ಸ್ಮರಿಸಿದ್ದಾನೆ.

ಲೀಬಿಗ್‌ನ ಉಳಿದ ಬದುಕೂ ವೈವಿಧ್ಯಮಯವಾದದ್ದು. 1845ರಲ್ಲಿ ಹೆಸ್ಸೆಯ ದೊರೆ ಆತನಿಗೆ ಬ್ಯಾರನ್ ಪದವಿ ನೀಡಿದ. 1852ರಲ್ಲಿ ಗೀಸೆನ್ ತೊರೆದು ಮ್ಯೂನಿಕ್ ಸೇರಿದ. ದಕ್ಷಿಣ ಅಮೆರಿಕದಲ್ಲಿ ಚರ್ಮಕ್ಕಾಗಿ ಕೊಂದ ದನಗಳ ಮಾಂಸ ವ್ಯರ್ಥವಾಗುತ್ತಿದ್ದುದನ್ನು ಬಳಸಿ ಮಾಂಸದ ಸಾರ ತಯಾರಿಸುವ ಕಂಪನಿ 1865ರಲ್ಲಿ ಆತನ ಹೆಸರಿನಲ್ಲಿ ಆರಂಭವಾಯಿತು. ಉರುಗ್ವೆಯ ಫ್ರೇ ಬೆಂಟೋಸ್ ಎಂಬ ಊರು ಅದರಿಂದ ಪ್ರಸಿದ್ಧಿಗೆ ಬಂತು. ಹುದುಗುವಿಕೆಯ ವಿಷಯದಲ್ಲಿ ಪಾಶ್ಚರ್‌ನೊಡನೆ ವಾದಕ್ಕಿಳಿದು, ಜೀವಾಣುಗಳ ಪಾತ್ರವನ್ನು ಕಡೆಗಣಿಸಿದ್ದು ಆತನ ಮತ್ತೊಂದು ಸೋಲು. ಮಣ್ಣಿನ ವಿಷಯದಲ್ಲಿಯೂ ಆತ ಕಾಣದೇ ಹೋದದ್ದು ಈ ಜೀವಾಣುಗಳನ್ನೇ. 1873ರ ಏಪ್ರಿಲ್ 18ರಂದು, 69ನೇ ವಯಸ್ಸಿನಲ್ಲಿ, ಮ್ಯೂನಿಕ್‌ನಲ್ಲಿ ಲೀಬಿಗ್ ನಿಧನನಾದ. ಗೀಸೆನ್ ವಿಶ್ವವಿದ್ಯಾಲಯ ಇಂದು ಆತನ ಹೆಸರನ್ನು ಧರಿಸಿದೆ.

ಲೀಬಿಗ್ ಬದುಕಿರುವಾಗಲೇ, 1860ರ ಸುಮಾರಿನಲ್ಲಿ, ಜೂಲಿಯಸ್ ಸಾಕ್ಸ್ ಮತ್ತು ವಿಲ್‌ಹೆಲ್ಮ್ ಕ್ನಾಪ್ ಎಂಬ ಜರ್ಮನ್ ವಿಜ್ಞಾನಿಗಳು ಮಣ್ಣೇ ಇಲ್ಲದೆ, ಲವಣಗಳನ್ನು ಕರಗಿಸಿದ ನೀರಿನಲ್ಲಿ ಗಿಡ ಬೆಳೆಸಿ ತೋರಿಸಿದರು. ಗಿಡದ ಆಹಾರ ಖನಿಜವೇ ಎಂಬ ವಾದ ಇದರಿಂದ ಸಾಬೀತಾಯಿತು. ಸಾರಜನಕವನ್ನೂ ಬೇರಿಗೇ ಕೊಡಬೇಕೆಂಬುದೂ ಖಚಿತವಾಯಿತು. ಸುಮಾರು 70 ವರ್ಷಗಳ ತರುವಾಯ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ವಿಲಿಯಂ ಗೆರಿಕ್ ಇದೇ ವಿಧಾನದಿಂದ ಆಳೆತ್ತರದ ಟೊಮೆಟೊ ಗಿಡಗಳನ್ನು ಬೆಳೆಸಿ ಜನರನ್ನು ಬೆರಗುಗೊಳಿಸಿದ. ಈ ನಡುವೆ 1909ರಲ್ಲಿ ಫ್ರಿಟ್ಸ್ ಹೇಬರ್ ಗಾಳಿಯ ಸಾರಜನಕದಿಂದ ಅಮೋನಿಯಾ ತಯಾರಿಸುವ ವಿಧಾನವನ್ನು ಸಾಧಿಸಿದ್ದ. 1913ರಲ್ಲಿ ಅದರ ಮೊದಲ ಕಾರ್ಖಾನೆ ಜರ್ಮನಿಯಲ್ಲಿ ಕೆಲಸ ಆರಂಭಿಸಿತು. ಲೀಬಿಗ್ ಬೇಡವೆಂದಿದ್ದ ಸಾರಜನಕವೇ ಎಲ್ಲಕ್ಕಿಂತ ಸುಲಭವಾಗಿ ಸಿಗುವ ಗೊಬ್ಬರವಾದದ್ದು ಹೀಗೆ.

ಲೀಬಿಗ್ ಹಾಕಿಕೊಟ್ಟ ಕೃಷಿ ರಸಾಯನಶಾಸ್ತ್ರದ ಪರಂಪರೆ ಭಾರತಕ್ಕೂ, ಮೈಸೂರು ಸಂಸ್ಥಾನಕ್ಕೂ ಬಂತು. ಇಂಗ್ಲೆಂಡಿನ ರಾಯಲ್ ಕೃಷಿ ಸಂಘದ ರಸಾಯನಜ್ಞ ಜಾನ್ ಅಗಸ್ಟಸ್ ವೋಲ್ಕರ್‌ನನ್ನು ಬ್ರಿಟಿಷ್ ಸರ್ಕಾರ 1889ರಲ್ಲಿ ಇಲ್ಲಿಗೆ ಕಳುಹಿಸಿತು. ಒಂದು ವರ್ಷಕ್ಕೂ ಮೇಲ್ಪಟ್ಟು ದೇಶ ಸುತ್ತಿದ ಆತ 1893ರಲ್ಲಿ ಪ್ರಕಟವಾದ ವರದಿಯಲ್ಲಿ, ಭಾರತದ ರೈತನ ಜಾಣ್ಮೆಯಲ್ಲಿ ಕೊರತೆಯಿಲ್ಲ, ಕೊರತೆ ಇರುವುದು ಗೊಬ್ಬರದ ಮತ್ತು ನೀರಿನ ಸೌಲಭ್ಯದಲ್ಲಿ ಎಂಬ ಅಭಿಪ್ರಾಯಕ್ಕೆ ಬಂದ. ಸೌದೆ ಸಿಗದೆ ಸಗಣಿಯನ್ನು ಬೆರಣಿಯಾಗಿಸಿ ಒಲೆಗೆ ಹಾಕುವುದನ್ನು ಕಂಡು, ಉರುವಲಿಗಾಗಿ ಮರ ಬೆಳೆಸಬೇಕೆಂದು ಸಲಹೆ ಮಾಡಿದ. 1899ರಲ್ಲಿ ಮೈಸೂರಿನ ರೀಜೆಂಟ್ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ಪ್ರಯೋಗಕ್ಕಾಗಿ 30 ಎಕರೆ ಭೂಮಿ ನೀಡಿದರು. ಜರ್ಮನ್ ಮೂಲದ ಕೆನಡಾದ ರಸಾಯನಜ್ಞ ಡಾ. ಲೇಮನ್ ಅವರನ್ನು ಕರೆಸಿ ಮಣ್ಣು ಮತ್ತು ಬೆಳೆಗಳ ಸಂಶೋಧನೆಗೆ ಪ್ರಯೋಗಶಾಲೆಯನ್ನು ಸ್ಥಾಪಿಸಲಾಯಿತು. ಸ್ವಾತಂತ್ರ್ಯಕ್ಕೆ ಮುನ್ನವೇ ಮೈಸೂರಿನ ಸಮೀಪದ ಬೆಳಗೊಳದಲ್ಲಿ ಅಮೋನಿಯಂ ಸಲ್ಫೇಟ್ ಕಾರ್ಖಾನೆ ತಲೆಯೆತ್ತಿತ್ತು ಎಂಬುದನ್ನೂ ನೆನೆಯಬೇಕು.

ಲೀಬಿಗ್‌ನ ನಿಯಮ ಮತ್ತು ಆತನ ತಪ್ಪು ಎರಡನ್ನೂ ಒಂದೇ ಸೂರಿನಡಿ ಕಾಣಬೇಕಾದರೆ ಪಾಲಿಹೌಸ್‌ನಲ್ಲಿ ಬೆಳೆದ ಟೊಮೆಟೊವನ್ನು ನೋಡಬೇಕು. ಬಯಲಿನ ಬೆಳೆಗಿಂತ ಹಲವು ಪಟ್ಟು ಇಳುವರಿ ನಿರೀಕ್ಷಿಸುವ ಬೆಳೆ ಇದು. ಆದ್ದರಿಂದ ಪೋಷಕಾಂಶದ ಏರುಪೇರು ಇಲ್ಲಿ ಬೇಗ ಕಣ್ಣಿಗೆ ಬೀಳುತ್ತದೆ. ಟೊಮೆಟೊ ಮಣ್ಣಿನಿಂದ ಎಲ್ಲಕ್ಕಿಂತ ಹೆಚ್ಚಾಗಿ ಎಳೆದುಕೊಳ್ಳುವುದು ಪೊಟ್ಯಾಷನ್ನು. ಕಾಯಿ ದಪ್ಪವಾಗುವ ಹಂತದಲ್ಲಂತೂ ಈ ಬೇಡಿಕೆ ಇಮ್ಮಡಿಸುತ್ತದೆ. ಸಾರಜನಕ ಅತಿಯಾದರೆ ಗಿಡ ಎಲೆಯಲ್ಲೇ ಸೊಕ್ಕಿ, ಹೂವು ಕಾಯಿ ಹಿಂದೆ ಬೀಳುತ್ತವೆ. ಹಾಗೆಂದು ಪೊಟ್ಯಾಷ್ ಸುರಿದರೂ ಅಪಾಯ ತಪ್ಪಿದ್ದಲ್ಲ. ಅದು ಮಿತಿ ಮೀರಿದರೆ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂಗಳನ್ನು ಬೇರು ಹೀರಲಾಗದಂತೆ ತಡೆಯುತ್ತದೆ. ಕಾಯಿಯ ತುದಿ ಕಪ್ಪಾಗಿ ಕುಸಿಯುವ ತೊಂದರೆಯನ್ನು ಟೊಮೆಟೊ ಬೆಳೆಗಾರರೆಲ್ಲ ಬಲ್ಲರು. ಅದು ರೋಗವಲ್ಲ, ಕಾಯಿಗೆ ಕ್ಯಾಲ್ಸಿಯಂ ತಲುಪದಿರುವುದರ ಲಕ್ಷಣ. ನೀರು ಕೊಡುವುದರಲ್ಲಿನ ಏರುಪೇರು ಇದಕ್ಕೆ ಒಂದು ಕಾರಣವಾದರೆ, ಸಾರಜನಕವನ್ನು ಅಮೋನಿಯಾ ರೂಪದಲ್ಲಿ ಅತಿಯಾಗಿ ಕೊಡುವುದು ಇನ್ನೊಂದು. ಅದೇ ಸಾರಜನಕ ಕ್ಯಾಲ್ಸಿಯಂ ನೈಟ್ರೇಟ್ ರೂಪದಲ್ಲಿ ಬಂದರೆ ಕ್ಯಾಲ್ಸಿಯಂ ಕೂಡ ಜೊತೆಗೆ ಸಿಗುತ್ತದೆ. ಚೀಲದ ಮೇಲಿನ ಸಾರಜನಕದ ಪ್ರಮಾಣವಷ್ಟೇ ಮುಖ್ಯವಲ್ಲ, ಅದು ಯಾವ ರೂಪದಲ್ಲಿದೆ ಎಂಬುದೂ ಮುಖ್ಯ ಎಂದು ಇದರಿಂದ ತಿಳಿಯುತ್ತದೆ.

ಕರಗುವಿಕೆಯ ಪ್ರಶ್ನೆಯೂ ಇಲ್ಲಿ ಮರಳಿ ಬರುತ್ತದೆ. ಹನಿ ನೀರಾವರಿಯ ಮೂಲಕ ಗೊಬ್ಬರ ಕೊಡುವವರು ಕ್ಯಾಲ್ಸಿಯಂ ನೈಟ್ರೇಟನ್ನು ಫಾಸ್ಫೇಟ್ ಅಥವಾ ಸಲ್ಫೇಟ್ ಗೊಬ್ಬರದೊಂದಿಗೆ ಒಂದೇ ತೊಟ್ಟಿಯಲ್ಲಿ ಗಾಢವಾಗಿ ಬೆರೆಸಿದರೆ ಅವು ಕೂಡಿಕೊಂಡು ಗಸಿಯಾಗಿ ತಳಕ್ಕೆ ಇಳಿಯುತ್ತವೆ. ಕೊಳವೆಯ ರಂಧ್ರಗಳು ಕಟ್ಟಿಕೊಳ್ಳುತ್ತವೆ. ಹಣ ಕೊಟ್ಟು ತಂದ ಪೋಷಕಾಂಶ ಗಿಡಕ್ಕೆ ದಕ್ಕುವುದಿಲ್ಲ. 1845ರ ಪೇಟೆಂಟ್ ಗೊಬ್ಬರ ಸೋತದ್ದೂ ಹೀಗೆ ಕರಗದ ರೂಪಕ್ಕೆ ತಿರುಗಿದ್ದರಿಂದಲೇ. ಮತ್ತೊಂದು ಅಂಶವೂ ಇದೆ. ಪಾಲಿಹೌಸ್‌ನ ಸೂರು ಮಳೆಯನ್ನು ತಡೆಯುವುದರಿಂದ ಉಳಿದ ಲವಣ ಕೊಚ್ಚಿಹೋಗದೆ ಮಣ್ಣಿನಲ್ಲಿಯೇ ಶೇಖರವಾಗುತ್ತದೆ. ಕೆಲವು ಬೆಳೆಗಳ ನಂತರ ಮಣ್ಣು ಉಪ್ಪಾಗಿ ಬೇರು ನೀರನ್ನೇ ಹೀರಲಾರದೆ ತೊಳಲುತ್ತದೆ. ಕೊಟ್ಟಿಗೆ ಗೊಬ್ಬರ ಮತ್ತು ಕಾಂಪೋಸ್ಟ್‌ಗಳಲ್ಲಿ ಪೋಷಕಾಂಶದ ಪ್ರಮಾಣ ಕಡಿಮೆ, ಅವು ಬಿಡುಗಡೆಯಾಗುವುದೂ ನಿಧಾನ. ಆದರೆ ಅವು ಮಣ್ಣಿನ ಜೀವಾಣುಗಳಿಗೆ ಆಹಾರವಾಗಿ, ನೀರನ್ನೂ ಪೋಷಕಾಂಶವನ್ನೂ ಹಿಡಿದಿಡುವ ಶಕ್ತಿಯನ್ನು ಹೆಚ್ಚಿಸುತ್ತವೆ. ಲೀಬಿಗ್ ಹ್ಯೂಮಸ್ ಸಿದ್ಧಾಂತವನ್ನು ಅಲ್ಲಗಳೆದದ್ದು ಸರಿ. ಆದರೆ ಹ್ಯೂಮಸ್‌ನ ಈ ಉಪಕಾರವನ್ನು ಆತ ಸಾಕಷ್ಟು ಗುರುತಿಸಲಿಲ್ಲ. ಎರಡೂ ಬಗೆಯ ಗೊಬ್ಬರಗಳು ಒಂದಕ್ಕೊಂದು ಪೂರಕವೇ ಹೊರತು ಪ್ರತಿಸ್ಪರ್ಧಿಗಳಲ್ಲ.

ಹಸಿರುಮನೆಯ ರೈತ ಬಂಡವಾಳ ಹೂಡಿದವನಾದ್ದರಿಂದ ಮಣ್ಣು, ನೀರು ಪರೀಕ್ಷಿಸಿ ಗೊಬ್ಬರ ಆರಿಸಬಲ್ಲ. ಬಯಲಿನ ರೈತನ ಆಯ್ಕೆಯನ್ನು ನಿರ್ಧರಿಸುವುದು ಬಹುಮಟ್ಟಿಗೆ ಬೆಲೆ. ಬೆಲೆಯನ್ನು ನಿರ್ಧರಿಸುವುದು ಸರ್ಕಾರ. 2010ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಪೋಷಕಾಂಶ ಆಧಾರಿತ ಸಬ್ಸಿಡಿ ನೀತಿಯನ್ನು ಜಾರಿಗೆ ತಂದಿತು. ಆಯಾ ಗೊಬ್ಬರದಲ್ಲಿರುವ ಸಾರಜನಕ, ರಂಜಕ, ಪೊಟ್ಯಾಷ್ ಮತ್ತು ಗಂಧಕದ ಪ್ರಮಾಣಕ್ಕೆ ತಕ್ಕಂತೆ ಸಹಾಯಧನ ನೀಡುವುದು ಅದರ ತತ್ತ್ವ. ತತ್ತ್ವವೇನೋ ಉತ್ತಮವಾಗಿತ್ತು, ಆದರೆ ಯೂರಿಯಾವನ್ನು ಅದರ ವ್ಯಾಪ್ತಿಯಿಂದ ಹೊರಗಿಡಲಾಯಿತು. 2018ರಲ್ಲಿ 45 ಕಿಲೋ ಯೂರಿಯಾ ಚೀಲದ ಬೆಲೆ, ಬೇವಿನ ಲೇಪ ಮತ್ತು ತೆರಿಗೆಗಳನ್ನು ಬಿಟ್ಟು, 242 ರೂಪಾಯಿ ಎಂದು ನಿಗದಿಯಾಯಿತು. ಚೀಲದಲ್ಲಿ ಸಾರಜನಕ ಶೇ 46ರಷ್ಟಿದೆ. ಅಂದರೆ ಆ ದರದಲ್ಲಿ, ಬೇವಿನ ಲೇಪ ಮತ್ತು ತೆರಿಗೆ ಬಿಟ್ಟು, ಒಂದು ಕಿಲೋ ಸಾರಜನಕದ ಬೆಲೆ 12 ರೂಪಾಯಿಗೂ ಕಡಿಮೆ. ರಂಜಕ ಮತ್ತು ಪೊಟ್ಯಾಷ್ ಇಷ್ಟು ಅಗ್ಗವಾಗಿ ದೊರೆಯುವುದಿಲ್ಲ. ಯಾವುದು ಅಗ್ಗವೋ ಅದು ಹೊಲಕ್ಕೆ ಹೆಚ್ಚು ಬೀಳುತ್ತದೆ. ಇದರಲ್ಲಿ ರೈತನ ಅಜ್ಞಾನವೇನೂ ಇಲ್ಲ. ಬೆಲೆ ಕೊಟ್ಟ ಸೂಚನೆಯನ್ನು ಆತ ಪಾಲಿಸುತ್ತಾನೆ, ಅಷ್ಟೆ.

ಪರಿಣಾಮವೇನೆಂಬುದನ್ನು ನಮ್ಮ ಪ್ರಯೋಗಗಳೇ ಹೇಳುತ್ತವೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವೂ ಸೇರಿದಂತೆ ದೇಶದ ಹಲವು ಕೇಂದ್ರಗಳಲ್ಲಿ, ಬ್ರಾಡ್‌ಬಾಕ್‌ನ ಮಾದರಿಯಲ್ಲಿ, ದೀರ್ಘಕಾಲದ ಗೊಬ್ಬರ ಪ್ರಯೋಗಗಳು ದಶಕಗಳಿಂದ ನಡೆದಿವೆ. ಹುಳಿ ಸ್ವಭಾವದ ಕೆಂಪು ಮಣ್ಣಿಗೆ ವರ್ಷ ವರ್ಷವೂ ಬರೀ ಸಾರಜನಕ ಕೊಟ್ಟ ತಾಕುಗಳಲ್ಲಿ ಮಣ್ಣಿನ ಹುಳಿ ಹೆಚ್ಚಿ ಇಳುವರಿ ಕುಸಿಯಿತು. ಮೂರೂ ಪೋಷಕಾಂಶಗಳೊಡನೆ ಕೊಟ್ಟಿಗೆ ಗೊಬ್ಬರ, ಅಗತ್ಯವಿದ್ದಲ್ಲಿ ಸುಣ್ಣ ಕೊಟ್ಟ ತಾಕುಗಳು ಫಲವತ್ತತೆಯನ್ನು ಉಳಿಸಿಕೊಂಡವು. 2009ರಲ್ಲಿ ಕರ್ನಾಟಕ ಸರ್ಕಾರ ಇಕ್ರಿಸ್ಯಾಟ್ ಸಂಸ್ಥೆಯ ನೆರವಿನೊಡನೆ ಆರಂಭಿಸಿದ ಭೂಚೇತನ ಯೋಜನೆಯಲ್ಲಿ ನಮ್ಮ ಒಣಭೂಮಿಯ ಮಣ್ಣುಗಳನ್ನು ವ್ಯಾಪಕವಾಗಿ ಪರೀಕ್ಷಿಸಿದಾಗ, ಗಂಧಕ, ಸತು ಮತ್ತು ಬೋರಾನ್‌ಗಳ ಕೊರತೆ ಎದ್ದು ಕಂಡಿತು. ಜಿಪ್ಸಂ, ಸತುವಿನ ಸಲ್ಫೇಟ್, ಬೋರಾಕ್ಸ್‌ಗಳನ್ನು ಅಲ್ಪ ಪ್ರಮಾಣದಲ್ಲಿ ಕೊಟ್ಟಾಗ ರಾಗಿ, ನೆಲಗಡಲೆ, ಮೆಕ್ಕೆಜೋಳಗಳ ಇಳುವರಿ ಗಮನಾರ್ಹವಾಗಿ ಏರಿತು. ಗಿಡ್ಡ ಹಲಗೆಯನ್ನು ಹುಡುಕಿ ಎತ್ತರಿಸಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

2015ರಲ್ಲಿ ಕೇಂದ್ರ ಸರ್ಕಾರ ಮಣ್ಣು ಆರೋಗ್ಯ ಚೀಟಿ ಯೋಜನೆಯನ್ನು ಆರಂಭಿಸಿತು. ಚೀಟಿಯಲ್ಲಿ ಮಣ್ಣಿನ 12 ಅಂಶಗಳ ವಿವರವಿದೆ. ಕ್ಯಾಲ್ಸಿಯಂ, ಮೆಗ್ನೀಷಿಯಂಗಳು ಆ ಪಟ್ಟಿಯಲ್ಲಿಲ್ಲ. ಟೊಮೆಟೊದಂತಹ ಬೆಳೆಗಳಿಗೆ ಅವನ್ನೂ ಸೇರಿಸುವುದು ಒಳಿತು. ಅದಕ್ಕಿಂತ ದೊಡ್ಡ ಕೊರತೆ ಬೇರೆಯೇ ಇದೆ. ಚೀಟಿ ಒಂದು ಗೊಬ್ಬರವನ್ನು ಶಿಫಾರಸು ಮಾಡುತ್ತದೆ, ಅಂಗಡಿಯ ಬೆಲೆ ಇನ್ನೊಂದನ್ನು ಶಿಫಾರಸು ಮಾಡುತ್ತದೆ. ಕಾಗದ ಮತ್ತು ಬೆಲೆ ಪರಸ್ಪರ ವಿರುದ್ಧವಾಗಿ ಮಾತನಾಡಿದಾಗ ಗೆಲ್ಲುವುದು ಬೆಲೆಯೇ ಎಂಬುದು ಆಡಳಿತದ ಅನುಭವವಿರುವ ಯಾರಿಗಾದರೂ ಗೊತ್ತಿರುವ ಸಂಗತಿ. ನಾಲ್ಕು ಪಾಲು ಸಾರಜನಕ, ಎರಡು ಪಾಲು ರಂಜಕ, ಒಂದು ಪಾಲು ಪೊಟ್ಯಾಷ್ ಎಂಬ ಒಂದೇ ಅನುಪಾತವನ್ನು ಇಡೀ ದೇಶಕ್ಕೆ ಆದರ್ಶವೆಂದು ಹಿಡಿಯುವುದರಿಂದಲೂ ಹೆಚ್ಚಿನ ಪ್ರಯೋಜನವಿಲ್ಲ. ಮಂಡ್ಯದ ಗದ್ದೆಗೂ ಕೋಲಾರದ ಕೆಂಪು ನೆಲಕ್ಕೂ ಧಾರವಾಡದ ಎರೆ ಭೂಮಿಗೂ ಗಿಡ್ಡ ಹಲಗೆ ಒಂದೇ ಆಗಿರುವುದಿಲ್ಲ.

ಆಗಬೇಕಾದ ಕೆಲಸಗಳು ಸ್ಪಷ್ಟವಾಗಿವೆ. ಯೂರಿಯಾವನ್ನೂ ಪೋಷಕಾಂಶ ಆಧಾರಿತ ಸಬ್ಸಿಡಿಯ ವ್ಯಾಪ್ತಿಗೆ ಹಂತ ಹಂತವಾಗಿ ತರಬೇಕು. ಅದರಿಂದ ಉಳಿಯುವ ಹಣ ಬೊಕ್ಕಸಕ್ಕೆ ಹೋಗದೆ, ರಂಜಕ, ಪೊಟ್ಯಾಷ್, ಲಘು ಪೋಷಕಾಂಶ ಮತ್ತು ಕಾಂಪೋಸ್ಟ್‌ಗಳ ಬೆಲೆ ಇಳಿಸಲು ಬಳಕೆಯಾಗಬೇಕು. ಇಲ್ಲವಾದರೆ ಸಣ್ಣ ರೈತನ ಮೇಲೆ ಬರೀ ಹೊರೆ ಬೀಳುತ್ತದೆ, ಮಣ್ಣಿಗೆ ಲಾಭವಾಗುವುದಿಲ್ಲ. ಮಣ್ಣು ಪರೀಕ್ಷೆಯ ಫಲಿತಾಂಶ ಬಿತ್ತನೆಗೆ ಮುನ್ನವೇ ರೈತನ ಕೈ ಸೇರಬೇಕು. ಬೆಂಗಳೂರಿನಂತಹ ಮಹಾನಗರಗಳು ಹಳ್ಳಿಗಳಿಂದ ಪಡೆದ ಪೋಷಕಾಂಶವನ್ನು ಹಸಿಕಸದ ಕಾಂಪೋಸ್ಟ್ ರೂಪದಲ್ಲಿ ಹಿಂದಿರುಗಿಸುವ ವ್ಯವಸ್ಥೆಯನ್ನು, ಅದರಲ್ಲಿ ಗಾಜು, ಪ್ಲಾಸ್ಟಿಕ್, ವಿಷಲೋಹಗಳು ಸೇರದಂತೆ ಎಚ್ಚರ ವಹಿಸಿ, ಗಟ್ಟಿಗೊಳಿಸಬೇಕು. ಲಂಡನ್ ನಗರಕ್ಕೆ ಲೀಬಿಗ್ ಮಾಡಿದ ಮನವಿ ಅಂದು ಫಲಿಸಲಿಲ್ಲ. ನಮ್ಮ ನಗರಗಳಾದರೂ ಅದನ್ನು ಪರಿಗಣಿಸುವುದಕ್ಕೆ ಇನ್ನೂ ಕಾಲ ಮಿಂಚಿಲ್ಲ.

ಲೀಬಿಗ್ ಸರ್ವಜ್ಞನಾಗಿರಲಿಲ್ಲ. ಆತನ ಗೊಬ್ಬರ ಸೋತಿತು, ಆತನ ಕೆಲವು ವಾದಗಳೂ ಬಿದ್ದುಹೋದವು. ಆದರೆ ಮಣ್ಣಿನಿಂದ ತೆಗೆದದ್ದಕ್ಕೆ ಲೆಕ್ಕವಿಡಬೇಕು, ಕೊರತೆ ಯಾವುದೆಂದು ಅಳೆದು ತಿಳಿದು ಅದನ್ನೇ ತುಂಬಬೇಕು ಎಂಬ ಮಾತು 180 ವರ್ಷಗಳ ನಂತರವೂ ನಿಂತಿದೆ. ಹೊಲದ ಪ್ರಯೋಗ ತನ್ನ ವಿರುದ್ಧ ತೀರ್ಪು ಕೊಟ್ಟಾಗ, ತಡವಾಗಿಯಾದರೂ, ಅಚ್ಚಿನಲ್ಲಿ ಅದನ್ನು ಒಪ್ಪುವ ದೊಡ್ಡತನ ಆ ಹಠಮಾರಿ ವಿಜ್ಞಾನಿಗೆ ಇತ್ತು. ನಮ್ಮ ಗೊಬ್ಬರ ನೀತಿಯ ವಿಷಯದಲ್ಲಿಯೂ ಹೊಲಗಳು ತೀರ್ಪು ಕೊಟ್ಟು ಬಹಳ ವರ್ಷಗಳಾಗಿವೆ. ನೀತಿ ನಿರೂಪಕರು ಅದನ್ನು ಓದಿ ಮುಂದಿನ ಹೆಜ್ಜೆ ಇಡಬೇಕಾಗಿದೆ.